ಮಣ್ಣಿಗೆ ಬಾರದ ತಮ್ಮ

ನಾರಿನ್ ಪಟ್ಟಣದ ಬಸ್ ನಿಲ್ದಾಣದ ಸರದಿಯಲ್ಲಿ ನನ್ನ ಮುಂದೆ ನಮ್ಮೂರ ಬುರುಲ್ ನಿಂತಿದ್ದಳು. ಅವಳ ಚಿಕ್ಕಪ್ಪನ ಮಗ ಎಸೆನ್ ಓಡಿ ಬಂದ.

“ಅಕ್ಕಾ, ಅಣ್ಣ ಹೋದ ಸುದ್ದಿ ಇವತ್ತು ನೋಡ್ದೆ.”

“ನನ್ನಣ್ಣ ಮಣ್ಣಾಗಿ ವಾರ ಆಯ್ತು ಕಣೋ. ಅವನು ಹೋದ ದಿನಾನೇ ಫೋನಲ್ಲಿ ಹಾಕಿದ್ದೆ.”

“ಆ್ಯಪ್ ಬದಲಾಗಿದೆ ಅಕ್ಕಾ. ಮೊದ್ಲು ಹೊಸ ಸುದ್ದಿ ಮೇಲೆ ಬರ್ತಿತ್ತು. ಈಗ ಜನ ಮೆಚ್ಚಿದ್ದೇ ಮೇಲೆ. ಸಾವನ್ನ ಯಾರು ಮೆಚ್ತಾರೆ?”

“ಕುದುರೆ ಪಂದ್ಯ ಗೆದ್ದು ನೀನು ಕುಣಿದ ವಿಡಿಯೊ ಮಾತ್ರ, ಹೆಣದ ಸುತ್ತ ಕೂತವರಿಗೆಲ್ಲ ಕಾಣಿಸ್ತು!”

“ಯಾರನ್ನಾದ್ರೂ ಕಳಿಸ್ಬಾರದಿತ್ತಾ? ನಮ್ಮಪ್ಪ ಸತ್ತಾಗ ಅಣ್ಣ ಮನೆಮನೆಗೂ ಹೋಗಿ ಹೇಳಿದ್ದ.”

“ಆಮೇಲೆ ‘ಇನ್ನು ಅದೆಲ್ಲ ಯಾಕೆ, ಫೋನು ಸಾಕು’ ಅಂದೋನು ನೀನೇ.”

ನಮ್ಮ ಕಡೆ ಸಾವಿನ ಮನೆಗೆ ಬರುವ ಗಂಡಸರು ದೂರದಿಂದಲೇ ಜೋರಾಗಿ ಅಳುವ ಹಾಗೆ, ಎಸೆನ್ ನಿಂತಲ್ಲೇ ದನಿಯೆತ್ತಿ ಅತ್ತ. ಯಾರೋ ನಕ್ಕರು. ನಕ್ಕವರನ್ನು ನಾನು ಗದರಿದೆ.

“ಇಲ್ಲಿ ಬೇಡಪ್ಪ,” ಎಂದು ಬುರುಲ್ ಅವನ ತೋಳು ಹಿಡಿದಳು. “ಅವನ ಬಾಗಿಲಿಗೆ ಬಂದು ಅಳು.”

ಇಬ್ಬರೂ ಊರಿಗೆ ಹೋಗುವ ವ್ಯಾನು ಹತ್ತಿದರು.