ಏಳು ದಿನದಲ್ಲಿ ಒಂದು ತಾಸು

ಇವತ್ತು ಮಠಕ್ಕೆ ಬರುವ ಮುಂಚೆ ಪೇಪರ್ ಓದಿದವರು ಎಷ್ಟು ಜನ? ಕೈ ಎತ್ತಿ ನೋಡೋಣ. ಹಾಂ, ಗಂಡಸರ ಕಡೆ ಬಹಳ ಕೈ ಎದ್ದವು. ಹೆಂಗಸರ ಕಡೆ ಎರಡೇ. ಓದಲು ಬರುವುದಿಲ್ಲ ಅಂತಲ್ಲ, ಪೇಪರ್ ಬರುವ ಹೊತ್ತಿಗೆ ಅವರ ಕೈಯಲ್ಲಿ ಬೇರೆ ಏನೋ ಇರುತ್ತದೆ. ಆ ಬೇರೆ ಏನೋ ಅನ್ನುವುದರ ಮೇಲೇ ಇವತ್ತಿನ ಮಾತು.

ತಿಂಗಳಿಗೊಮ್ಮೆ ಪೇಪರಿನಲ್ಲಿ ಒಂದು ಸುದ್ದಿ ಬರುತ್ತದೆ, ನೋಡಿದ್ದೀರಿ. ದೇಶದಲ್ಲಿ ನೂರಕ್ಕೆ ಇಷ್ಟು ಜನಕ್ಕೆ ಕೆಲಸವಿಲ್ಲ, ಹೋದ ತಿಂಗಳಿಗಿಂತ ಈ ತಿಂಗಳು ಏರಿತು, ಇಲ್ಲವೇ ಇಳಿಯಿತು ಅಂತ. ಮಕ್ಕಳ ಜ್ವರ ನೋಡಿದ ಹಾಗೆ ಅದನ್ನು ನೋಡುತ್ತೇವೆ, ಪುಟ ತಿರುಗಿಸುತ್ತೇವೆ. ಆ ಅಂಕಿ ಎಲ್ಲಿಂದ ಬರುತ್ತದೆ? ಆಕಾಶದಿಂದ ಉದುರುತ್ತದೆಯೇ? ಇಲ್ಲ. ಯಾರೋ ಒಬ್ಬರು ಯಾರದೋ ಮನೆಯ ಬಾಗಿಲು ಬಡಿದು, ಕೂತು, ಕೇಳಿ, ಬರೆದುಕೊಂಡು ಹೋದದ್ದು. ಅಂಥ ಒಂದು ಮನೆಯ ಕಥೆ ಹೇಳುತ್ತೇನೆ, ಕೇಳಿ.

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಯಾವ ಊರು ಅಂತ ಕೇಳಬೇಡಿ, ಕೇಳಿದರೆ ನಿಮ್ಮೂರೇ ಅಂದುಬಿಡುತ್ತೇನೆ. ಬಜಾರಿನಲ್ಲಿ ಆತನವು ಹನ್ನೆರಡು ಅಂಗಡಿ. ಎಲ್ಲಾ ಬಾಡಿಗೆಗೆ ಕೊಟ್ಟು ಆರಾಮಾಗಿದ್ದ. ಪ್ರತಿ ತಿಂಗಳು ಆ ನಿರುದ್ಯೋಗದ ಸುದ್ದಿ ಬಂದ ದಿನ ಮನೆಯ ಕಟ್ಟೆಯ ಮೇಲೆ ಕೂತು ನಾಲ್ಕು ಜನರಿಗೆ ಕೇಳುವಂತೆ ಓದುತ್ತಿದ್ದ. ಓದಿ ಕೊನೆಗೊಂದು ಮಾತು ಸೇರಿಸುತ್ತಿದ್ದ.

"ದೇಶದಾಗ ಇಷ್ಟು ಮಂದಿ ಖಾಲಿ ಕೂತಾರ ನೋಡ್ರಿ. ನನ್ನ ಮನ್ಯಾಗ ಸೊನ್ನೆ! ನಾ ವ್ಯವಹಾರ ನೋಡ್ತೀನಿ, ಮಗ ಇಂದಿಲ್ಲ ನಾಳೆ ಆಫೀಸ್ ತೆಗೀತಾನ."

"ಮತ್ತ ಅಕ್ಕಾರು?" ಅಂತ ಯಾರಾದರೂ ಆತನ ಹೆಂಡತಿಯ ಬಗ್ಗೆ ಕೇಳಿದರೆ ನಗುತ್ತಿದ್ದ. "ಆಕಿನ್ಯಾಕ ಲೆಕ್ಕಕ್ಕ ಹಿಡೀತೀರಿ? ಮನ್ಯಾಗಿರಾಕಿ. ಹೊತ್ತು ಹೋಗವಲ್ದು ಅಂತ ನಾಕು ರೊಟ್ಟಿ ಬಡೀತಾಳ."

ಈಗ ನೋಡಿ, ಕಥೆ ಸಾಹುಕಾರನಿಂದ ಶುರುವಾಯಿತೇ ಹೊರತು ಇದು ಸಾಹುಕಾರನ ಕಥೆಯಲ್ಲ. ಆ ನಾಲ್ಕು ರೊಟ್ಟಿಯವಳ ಕಥೆ.

ಆಕೆಯ ರೊಟ್ಟಿ ನಾಲ್ಕಲ್ಲ, ದಿನಕ್ಕೆ ಎಂಟುನೂರು. ಎಂಟು ವರ್ಷದ ಹಿಂದೆ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಯವಳು ಹೆರಿಗೆಗೆ ಅಂತ ತವರಿಗೆ ಹೋದಾಗ, ಹಾಸ್ಟೆಲಿನ ಮೇಡಂ ಬಂದು, "ಹದಿನೈದು ದಿನ ರೊಟ್ಟಿ ಮಾಡಿಕೊಡ್ರಿ ಅಕ್ಕಾರ" ಅಂದಿದ್ದರು. ಆ ಹದಿನೈದು ದಿನ ಇನ್ನೂ ಮುಗಿದಿರಲಿಲ್ಲ! ಆಮೇಲೆ ಎರಡು ಖಾನಾವಳಿಯವರು ಬಂದರು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಮೂರು ಒಲೆ ಎದ್ದವು. ಓಣಿಯ ಐದು ಜನ ಹೆಂಗಸರು ಕೂಲಿಗೆ ಬಂದರು. ಒಬ್ಬಳ ಗಂಡ ಹಾಸಿಗೆ ಹಿಡಿದಿದ್ದ, ಒಬ್ಬಳಿಗೆ ಗಂಡನೇ ಇರಲಿಲ್ಲ. ಉಳಿದ ಮೂವರಿಗೆ ಗಂಡಂದಿರಿದ್ದರು, ಆದರೆ ಇದ್ದೂ ಇಲ್ಲದಂತೆ. ಆ ಆರು ಜನ ಕೂಡಿ ಬಡಿದ ರೊಟ್ಟಿ ಎಂಟು ದಿನ ಇಟ್ಟರೂ ಕೆಡುತ್ತಿರಲಿಲ್ಲ. ಹಂಚಿನ ಮೇಲೆ ರೊಟ್ಟಿ ಉಬ್ಬಿದಾಗ ಆಕೆಯ ಎದೆಯೂ ಅಷ್ಟೇ ಉಬ್ಬುತ್ತಿತ್ತು. ಆದರೆ ಯಾರಾದರೂ "ಏನ್ ಮಾಡ್ತೀರಿ?" ಅಂತ ಕೇಳಿದರೆ ಆಕೆಯ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು. "ಏನಿಲ್ರಿ, ಮನ್ಯಾಗಿರ್ತೀನಿ." ಗಂಡ ಹಾಗೆ ಹೇಳಿದ್ದು ಕೇಳಿ ಕೇಳಿ ಆಕೆಯೂ ಅದನ್ನೇ ಕಲಿತಿದ್ದಳು.

ಇನ್ನು ಮಗ. ಕರೆಂಟಿನ ಕೆಲಸದ ಡಿಪ್ಲೊಮಾ ಮುಗಿಸಿ ಎರಡು ವರ್ಷವಾಗಿತ್ತು, ನೌಕರಿ ಸಿಕ್ಕಿರಲಿಲ್ಲ. ಮದುವೆಯಲ್ಲಿ, ಮುಂಜಿಯಲ್ಲಿ, ಹೋದಲ್ಲೆಲ್ಲ ಜನ ಸಾಹುಕಾರನನ್ನು ಕೇಳುತ್ತಿದ್ದರು, "ಏನು, ಮಗಗ ಇನ್ನೂ ಎಲ್ಲೂ ಹತ್ತಿಲ್ಲೇನು?" ಕೇಳುವವರಿಗೇನು, ನಾಲಿಗೆಗೆ ಎಲುಬಿಲ್ಲ. ಸಾಹುಕಾರನಿಗೆ ಮಾತ್ರ ಅದು ಬೆಂಕಿಯ ಮೇಲೆ ಕೂರಿಸಿದಂತೆ ಆಗುತ್ತಿತ್ತು. ನಿರುದ್ಯೋಗಿ ಅನ್ನುವ ಶಬ್ದ ತನ್ನ ಹೊಸ್ತಿಲು ದಾಟಬಾರದು ಅಂತ ಆತ ಒಂದು ಉಪಾಯ ಮಾಡಿದ. ಮುಂದಿನ ಕೋಣೆಯ ಒಲೆ ಒಡೆದು, ಗಾಜಿನ ಬಾಗಿಲು ಹಾಕಿ, ಮೇಜು ಕುರ್ಚಿ ಇಟ್ಟು, ಮಗನ ಹೆಸರಿನ ಬೋರ್ಡು ತೂಗುಹಾಕುವುದು. ಯಾವ ಆಫೀಸು? ಅಲ್ಲೇನು ಕೆಲಸ? ಅದು ಆತನಿಗೂ ಗೊತ್ತಿರಲಿಲ್ಲ.

"ಮೊದಲು ಬೋರ್ಡು ಏರಲಿ, ಮುಂದಿಂದು ಮುಂದ" ಅಂದ.

"ಮತ್ತ ಆ ಐದು ಮಂದಿ ಎಲ್ಲಿ ಹೋಗಬೇಕ್ರಿ?" ಅಂತ ಹೆಂಡತಿ ಕೇಳಿದಳು.

"ಎಲ್ಲಿ ಹೋಗ್ತಾರ? ಅವರವರ ಮನೀಗೆ ಹೋಗ್ತಾರ. ನೀನೂ ಇನ್ನ ಆರಾಮ ಕೂಡು."

ಆಕೆಗೆ ಅಳು ಬಂತು. ಎದುರಾಡಬೇಕು ಅನ್ನಿಸಿತು. ಆದರೆ ಎದುರಾಡಲು ಕೈಯಲ್ಲಿ ಒಂದು ಮಾತಿರಬೇಕಲ್ಲ? 'ಇದು ನನ್ನ ಕೆಲಸ, ಇದನ್ನು ಒಡೆಯಬೇಡಿ' ಅನ್ನುವ ಮಾತು. ಎಂಟು ವರ್ಷ 'ಏನಿಲ್ರಿ' ಅಂದವಳಿಗೆ ಆ ಮಾತು ಎಲ್ಲಿಂದ ಬರಬೇಕು? ಹಿಟ್ಟು ನಾದುತ್ತ ಕೂತಳು.

ಬುಧವಾರ ಬೆಳಿಗ್ಗೆ ಒಲೆ ಒಡೆಯಲು ಗೌಂಡಿ ಬಂದ. ಹೆಗಲ ಮೇಲೆ ಹಾರೆ, ಕೈಯಲ್ಲಿ ಬುಟ್ಟಿ. ಆತನ ಹಿಂದೆಯೇ ಇನ್ನೊಬ್ಬರು ಬಂದರು, ಟ್ಯಾಬ್ ಹಿಡಿದ ಒಬ್ಬ ಹೆಣ್ಣುಮಗಳು. ಸರ್ಕಾರದ ಕಡೆಯವಳು, ಮನೆ ಮನೆಗೆ ಹೋಗಿ ಯಾರಿಗೆ ಕೆಲಸವಿದೆ, ಯಾರಿಗಿಲ್ಲ ಅಂತ ಕೇಳಿ ಬರೆದುಕೊಳ್ಳುವವಳು. ತಿಂಗಳ ಅಂಕಿಗೆ ತನ್ನ ಮನೆಯೇ ಆಯ್ಕೆಯಾಗಿದೆ ಅಂತ ತಿಳಿದಾಗ ಸಾಹುಕಾರ ಹಿಗ್ಗಿ ಹೀರೇಕಾಯಿ ಆದ. ಗೌಂಡಿಗೆ "ತಡಿ" ಅಂದ. ತಾನೇ ಕುರ್ಚಿ ತಂದು ಹಾಕಿದ.

"ಮೊದಲು ನನ್ನ ಬರ್ಕೋರಿ. ದೊಡ್ಡ ವ್ಯವಹಾರ."

"ಹೋದ ಏಳು ದಿನದಾಗ ಒಂದು ದಿನಾರ, ಒಂದು ತಾಸಾರ ಕೆಲಸ ಮಾಡೀರೇನ್ರಿ?"

"ಬಜಾರದಾಗ ಹನ್ನೆರಡು ಅಂಗಡಿ ಅದಾವು ನನ್ನವು!"

"ಅಂಗಡಿ ನೀವು ನಡಸ್ತೀರೇನ್ರಿ?"

"ನಾ ಯಾಕ ನಡಸ್ಲಿ? ಬಾಡಿಗಿ ಕೊಟ್ಟೇನಿ."

"ಬಾಡಿಗಿ ತನ್ನಷ್ಟಕ್ಕ ತಾನ ಬರ್ತದ್ರಿ. ಅದನ್ನ ಕೆಲಸ ಅಂತ ಬರಿಯಾಕ ಬರೂದಿಲ್ಲ. ಬ್ಯಾರೆ ಏನರ?"

ಸಾಹುಕಾರ ನೆನಪು ಮಾಡಿಕೊಂಡ. ಸೋಮವಾರ ಪೇಪರ್ ಓದಿದ್ದ. ಮಂಗಳವಾರ ಒಂದು ಮದುವೆಯ ಊಟ. ಅದರ ಹಿಂದಿನ ದಿನಗಳಲ್ಲಿ ಏನು ಮಾಡಿದ್ದ ಅಂತ ಎಷ್ಟು ತಡಕಿದರೂ ಸಿಗಲಿಲ್ಲ.

"ಹಂಗಾದ್ರ ನಾ ನಿರುದ್ಯೋಗಿ ಏನು?" ದನಿ ಸಣ್ಣದಾಯಿತು.

"ಇಲ್ರಿ. ಹಂಗ ಬರೀಬೇಕಂದ್ರ ನೀವು ಕೆಲಸ ಹುಡುಕಿರಬೇಕು. ಹುಡುಕೀರೇನ್ರಿ?"

"ಇಲ್ಲ."

"ಹಂಗಾದ್ರ ಎರಡರಾಗೂ ನೀವು ಬರೂದಿಲ್ರಿ. ಕೆಲಸ ಇದ್ದಾವ್ರೂ ಅಲ್ಲ, ಕೆಲಸ ಇಲ್ದಾವ್ರೂ ಅಲ್ಲ."

ಗೌಂಡಿ ನಗು ತಡೆಯಲಾಗದೆ ಟವೆಲ್ಲಿನಲ್ಲಿ ಕೆಮ್ಮಿದ. ನೀವೂ ನಗುತ್ತಿದ್ದೀರಿ. ನಗಿ, ನಗಿ. ಹೋದ ಏಳು ದಿನದಲ್ಲಿ ನೀವು ಏನು ಮಾಡಿದಿರಿ ಅಂತ ನಾನು ಆಮೇಲೆ ಕೇಳುತ್ತೇನೆ.

ಸಾಹುಕಾರ ಅವಸರದಿಂದ, "ಮಗ ಆಫೀಸ್ ತೆಗೀತಾನ, ಅವಂದು ಬರ್ಕೋರಿ" ಅಂದ. ಮಗ ಬಾಗಿಲಲ್ಲೇ ನಿಂತಿದ್ದ.

"ಇಲ್ರಿ ಮೇಡಂ. ಆಫೀಸು ಗೀಫೀಸು ಏನೂ ಇಲ್ಲ. ನಾ ಕೆಲಸ ಹುಡುಕಾಕತ್ತೇನಿ. ಹೋದ ಗುರುವಾರ ಸಕ್ರಿ ಕಾರ್ಖಾನಿಗೆ ಹೋಗಿ ಅರ್ಜಿ ಕೊಟ್ಟು ಬಂದೇನಿ. ಮೊನ್ನೆ ಸೋಮವಾರ ಮೂರು ಮೋಟರ್ ರಿಪೇರಿ ಅಂಗಡ್ಯಾಗ ಕೇಳೇನಿ. ಇನ್ನೂ ಎಲ್ಲೂ ಸಿಕ್ಕಿಲ್ಲ."

"ಇದು ಬರೀಬೇಕಾದ್ದ ತಮ್ಮಾ" ಅಂದಳು ಆ ಹೆಣ್ಣುಮಗಳು. "ಹುಡುಕಾವ್ರು ಮುಚ್ಚಿಟ್ಟುಕೊಂಡ್ರ ನಮ್ಮ ಅಂಕಿನ ಸುಳ್ಳಾಗ್ತದ."

ಒಲೆಯ ಮುಂದೆ ಕೂತ ತಾಯಿಗೆ ಇದೆಲ್ಲ ಕೇಳಿಸುತ್ತಿತ್ತು. ಮಗ ಕಾರ್ಖಾನೆಯ ಬಾಗಿಲಿಗೆ ಹೋಗಿದ್ದು ಆಕೆಗೆ ಗೊತ್ತೇ ಇರಲಿಲ್ಲ. ತಿರುಗಾಡಲು ಹೋಗುತ್ತಾನೆ ಅಂದುಕೊಂಡಿದ್ದಳು. ನಾಲ್ಕು ಬಾಗಿಲು ಬಡಿದು, ಇಲ್ಲ ಅನ್ನಿಸಿಕೊಂಡು, ಮತ್ತೆ ಐದನೆಯ ಬಾಗಿಲಿಗೆ ಹೋಗುವ ಮಗ ತನ್ನ ಮಗ ಅಂತ ಆಕೆಗೆ ಬಹಳ ಹೆಮ್ಮೆ ಆಯಿತು.

"ಇನ್ನ ಈಕಿ" ಅಂದ ಸಾಹುಕಾರ. "ಮನ್ಯಾಗಿರಾಕಿ. ಏನೂ ಇಲ್ಲಂತ ಹಾಕ್ರಿ."

"ಅವ್ರನ್ನ ಕೇಳೇ ಬರೀತೀನ್ರಿ."

ಆಕೆ ಹೊರಗೆ ಬಂದಳು. ಮೊಳಕೈತನಕ ಹಿಟ್ಟು. ಬಂದು ಹೇಳಿದ್ದೇನು? "ನಂದೇನ್ ಕೆಲಸ ಇಲ್ಲವ್ವಾ ತಂಗಿ, ಮನ್ಯಾಗಿರ್ತೀನಿ."

ಆ ಹುಡುಗಿ ಆಕೆಯ ಕೈ ನೋಡಿದಳು. ಒಳಗಿನಿಂದ ಪಟಪಟ ಅಂತ ರೊಟ್ಟಿ ಬಡಿಯುವ ಸದ್ದು ಬರುತ್ತಲೇ ಇತ್ತು.

"ಆ ರೊಟ್ಟಿ ಯಾರಿಗ್ರಿ ಅಕ್ಕಾರ?"

"ಹಾಸ್ಟೆಲಿಗೆ. ಎರಡು ಖಾನಾವಳಿಗೂ ಹೋಗ್ತಾವು."

"ದಿನಕ್ಕ ಎಷ್ಟು ತಾಸು ಕೂಡ್ತೀರಿ?"

ಇದನ್ನು ಆಕೆಗೆ ಯಾರೂ ಕೇಳಿರಲಿಲ್ಲ. ಬೆರಳು ಮಡಚುತ್ತ ಹೋದಳು. ಹೊತ್ತು ಮೂಡುವ ಮುಂಚೆ ಒಲೆ ಹಚ್ಚಿದರೆ ಮಧ್ಯಾಹ್ನದ ಊಟದತನಕ, ಆಮೇಲೆ ಜೋಳ ಹಸನು ಮಾಡುವುದು, ಬೀಸಿಕೊಂಡು ಬಂದ ಹಿಟ್ಟು ಜರಡಿ ಹಿಡಿಯುವುದು. "ಎಂಟು ತಾಸಾಗ್ತದವಾ."

"ಏಳೂ ದಿನಾ?"

"ಮತ್ತ? ಐತ್ವಾರ ಹಾಸ್ಟೆಲ್ ಹುಡುಗ್ಯಾರು ಉಪವಾಸ ಇರ್ತಾರೇನು?"

"ಅಕ್ಕಾರ, ನಾ ಕೇಳಿದ್ದು ಏಳು ದಿನದಾಗ ಒಂದು ತಾಸು. ನೀವು ಐವತ್ತಾರು ಹೇಳಿದ್ರಿ. ಮ್ಯಾಲೆ ಐದು ಮಂದಿಗೆ ಕೆಲಸ ಕೊಟ್ಟೀರಿ. ಇದು ನಿಮ್ಮ ಉದ್ಯೋಗ, ನೀವು ಇದರ ಮಾಲಕರು. ಹೆಸರು ಹೇಳ್ರಿ."

"ಸಾಹುಕಾರ್ರ ಮನಿಯಾಕಿ ಅಂತ ಹಾಕ್ರಿ" ಅಂದ ಸಾಹುಕಾರ. ಹೆಂಡತಿಯ ಹೆಸರನ್ನು ಗಂಡ ಬಾಯಿಬಿಟ್ಟು ಹೇಳುವ ರೂಢಿ ಆ ಮನೆಯಲ್ಲಿರಲಿಲ್ಲ, ನಿಮ್ಮ ಮನೆಗಳಲ್ಲಿಯೂ ಹೆಚ್ಚಿಗೆ ಇಲ್ಲ. ಆಕೆಯೇ ತನ್ನ ಹೆಸರು ಹೇಳಿದಳು, ಪೂರಾ ಹೇಳಿದಳು. ಏನು ಹೆಸರು? ತಡೆಯಿರಿ, ಅದನ್ನು ಹೇಳಬೇಕಾದವನು ಬೇರೆ ಇದ್ದಾನೆ.

ಹುಡುಗಿ ಎದ್ದು ಹೋದಳು. ಗೌಂಡಿ ಹಾರೆ ಎತ್ತಿಕೊಂಡ. "ಹೊತ್ತಾತ್ರಿ ಸಾಹುಕಾರ್ರ. ಒಲಿ ಒಡೀಲೇನು?"

ಒಳಗೆ ಐದೂ ಜನರ ಕೈ ನಿಂತವು. ಸಾಹುಕಾರ ಬಾಯಿ ತೆರೆಯುವ ಮೊದಲೇ ಆಕೆ ಮಾತಾಡಿದಳು.

"ಒಡಿಬ್ಯಾಡಪ್ಪಾ. ಇದು ನನ್ನ ಉದ್ಯೋಗ. ಹಾರಿ ಆ ಕಡೆ ಇಡು. ಹ್ಯಾಂಗೂ ಬಂದೀದಿ, ಇನ್ನೊಂದು ಒಲಿ ಕಟ್ಟಿ ಹೋಗು."

ಗೌಂಡಿ ಸಾಹುಕಾರನ ಮುಖ ನೋಡಿದ. ಸಾಹುಕಾರ ಮಗನ ಮುಖ ನೋಡಿದ. ಮಗ ಅಷ್ಟೊತ್ತಿಗೆ ಇಟ್ಟಿಗೆ ತರಲು ಬುಟ್ಟಿ ಎತ್ತಿಕೊಂಡು ಹೊರಟಿದ್ದ. ಮಧ್ಯಾಹ್ನದೊಳಗೆ ನಾಲ್ಕನೆಯ ಒಲೆ ಎದ್ದಿತು.

ಆ ತಿಂಗಳು ಅಂಕಿ ಬಂದ ದಿನ ಸಾಹುಕಾರ ಕಟ್ಟೆಯ ಮೇಲೆ ಕೂರಲಿಲ್ಲ. ಎರಡರಲ್ಲೂ ಇಲ್ಲ ಅನ್ನುವ ಮಾತು ಆತನನ್ನು ಚುಚ್ಚುತ್ತಿತ್ತು. ಒಂದು ಬೆಳಿಗ್ಗೆ ಒಲೆಯ ಕೋಣೆಯ ಬಾಗಿಲಿಗೆ ಬಂದು, ಗೋಡೆ ನೋಡುತ್ತ, "ನಾ ಏನರ ಹಿಡೀಲಿ?" ಅಂತ ಕೇಳಿದ. ಐದು ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆಕೆ ಮಾತ್ರ ನಗಲಿಲ್ಲ, ಜರಡಿ ಕೈಗೆ ಕೊಟ್ಟಳು. ಮೊದಲ ದಿನ ಹಿಟ್ಟು ಪಾತ್ರೆಗಿಂತ ಹೆಚ್ಚು ಆತನ ಮೀಸೆಯ ಮೇಲೇ ಬಿತ್ತು.

ಮುಂದಿನ ತಿಂಗಳು ಅದೇ ಹೆಣ್ಣುಮಗಳು ಮತ್ತೆ ಬಂದಳು. ಒಂದೇ ಮನೆಗೆ ಕೆಲವು ತಿಂಗಳು ಬಂದು ಬಂದು ಕೇಳುತ್ತಾರೆ, ಆಗಲೇ ಏರಿತೋ ಇಳಿಯಿತೋ ತಿಳಿಯುವುದು.

"ಹೋದ ಏಳು ದಿನದಾಗ ಒಂದು ತಾಸಾರ..."

"ಒಂದಲ್ರಿ, ದಿನಾ ಎರಡು!" ಅಂದ ಸಾಹುಕಾರ. "ಜರಡಿ ಹಿಡೀತೀನಿ, ರೊಟ್ಟಿ ಕಟ್ಟು ಕಟ್ಟತೀನಿ."

"ಮಗ?"

ಒಳಗೆ ಆಕೆ ಬಾಗಿಲ ಕಡೆ ಕಿವಿ ಕೊಟ್ಟಳು. ಸಾಹುಕಾರ ಹೇಳಿದ, "ಇನ್ನೂ ಹುಡುಕಾಕತ್ತಾನ್ರಿ. ಇವತ್ತೂ ಜಿಲ್ಲಾಕ್ಕ ಸಂದರ್ಶನಕ್ಕ ಹೋಗ್ಯಾನ. ನಿರುದ್ಯೋಗಿ ಅಂತನ ಬರ್ಕೋರಿ. ನನ್ನ ಮಗ ಸುಮ್ಮ ಕೂತಿಲ್ಲ."

"ಮತ್ತ ನೀವು ಯಾರ ಕೈಕೆಳಗ ಕೆಲಸ ಮಾಡ್ತೀರಿ?"

ಸಾಹುಕಾರ ಎದ್ದು ನಿಂತ. ಮೀಸೆಯ ಮೇಲಿನ ಹಿಟ್ಟು ಒರೆಸಿಕೊಂಡ. ಮದುವೆಯಾಗಿ ಮೂವತ್ತು ವರ್ಷವಾದರೂ ಒಮ್ಮೆಯೂ ಬಾಯಿಗೆ ಬಾರದ ಹೆಸರನ್ನು ಓಣಿಗೆ ಕೇಳುವಂತೆ ಹೇಳಿದ.

"ನೀಲಗಂಗವ್ವನ ಕೈಕೆಳಗ್ರಿ."

ಒಳಗೆ ಪಟಪಟ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಇಲ್ಲಿಗೆ ಅವರ ಕಥೆ ಆಯಿತು, ಈಗ ನಿಮ್ಮದು. ನಗುತ್ತಿದ್ದಿರಲ್ಲ, ಈಗ ಹೇಳಿ, ಹೋದ ಏಳು ದಿನದಲ್ಲಿ ನಿಮ್ಮ ಕೈ ಒಂದು ತಾಸಾದರೂ ಯಾವುದಕ್ಕಾದರೂ ಬಾಗಿತೇ? ಬಾಗಿಲಿಗೆ ಯಾರಾದರೂ ಬಂದು ಕೇಳಿದರೆ 'ಆಕೆ ಏನೂ ಮಾಡುವುದಿಲ್ಲ' ಅಂತ ನೀವೆಷ್ಟು ಸಲ ಅಂದಿದ್ದೀರಿ? ಅವ್ವಂದಿರೇ, ಅಕ್ಕಂದಿರೇ, ನೀವೆಷ್ಟು ಸಲ 'ಏನಿಲ್ರಿ' ಅಂದಿದ್ದೀರಿ? ಈ ಹೊತ್ತಿನಿಂದ ಆ ಮಾತು ಬೇಡ. ಹೊಲಿಯುತ್ತೀರಾ? ಹೊಲಿಯುತ್ತೇನೆ ಅನ್ನಿ. ಎಮ್ಮೆ ಕಟ್ಟಿ ಹಾಲು ಹಾಕುತ್ತೀರಾ? ಹಾಗೇ ಹೇಳಿ, ತಲೆ ಎತ್ತಿ ಹೇಳಿ. ಈ ದೇಶ ನಿಮ್ಮ ಕೈಯ ಮೇಲೆ ನಿಂತಿದೆ, ಅದು ನಮಗೆಲ್ಲ ಹೆಮ್ಮೆ.

ಆ ಕಂಬದ ಹಿಂದೆ ಕೂತ ಹುಡುಗರೇ, ಕೆಲಸ ಹುಡುಕುತ್ತಿರುವವರೇ, ಮುಂದೆ ಬಂದು ಕೂರಿ. ಬಾಗಿಲು ಬಡಿದವನಿಗೆ ನಾಚಿಕೆ ಯಾಕೆ? ಮತ್ತು ಹಿರಿಯರೇ, ನಾಳೆ ಅವರು ಎದುರು ಸಿಕ್ಕರೆ 'ಇನ್ನೂ ಹತ್ತಿಲ್ಲೇನು' ಅನ್ನಬೇಡಿ. 'ಎಲ್ಲೆಲ್ಲಿ ಕೇಳಿದಿ ತಮ್ಮಾ, ಬಾ, ನನಗೆ ಗುರುತಿನವರೊಬ್ಬರಿದ್ದಾರೆ' ಅನ್ನಿ.

ಇನ್ನೊಂದೇ ಮಾತು. ಮೂಗಿಗೆ ವಾಸನೆ ಬರುತ್ತಿದೆಯಲ್ಲ, ಒಳಗೆ ಪ್ರಸಾದ ಆಗುತ್ತಿದೆ. ಬೆಳಗಿನಿಂದ ಏಳು ಜನ ತಾಯಂದಿರು ಒಲೆಯ ಮುಂದಿದ್ದಾರೆ. ಅವರ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಒಂದು ಕೈಯೂ ಏಳಲಿಲ್ಲ. ಹೋಗಿ, ಒಳಗೆ ಹೋಗಿ ಒಬ್ಬೊಬ್ಬರ ಹೆಸರು ಕೇಳಿಕೊಂಡು ಬನ್ನಿ. ಆಮೇಲೆ ಪಂಕ್ತಿಗೆ ಕೂರಿ.