ಮಿರ್ಸಿನಿಯ ಪೋಸ್ಟರಿನ ಹಿಂಬದಿ

ದೊಮ್ನಾ ಅಮ್ಮ, ಅವರ ಬಂಧುಗಳೇ, ನಮ್ಮ ದಫ್ತರಖಾನೆಯ ಹಿರಿಯರೇ, ಸಿನಿಮಾ ಪೋಸ್ಟರ್ ಸಂಗ್ರಹಕಾರರ ಬಳಗದ ಗೆಳೆಯರೇ — ಎಲ್ಲರಿಗೂ ನಮಸ್ಕಾರ. ನಲವತ್ತನೇ ದಿನದ ಪ್ರಾರ್ಥನೆ ಮುಗಿಸಿ ಇಗರ್ಜಿಯಿಂದ ನೇರ ಇಲ್ಲಿಗೆ ಬಂದಿದ್ದೀರಿ. ಕೈಯಲ್ಲಿ ತೀರಿಕೊಂಡವರ ಹೆಸರಿನಲ್ಲಿ ಹಂಚಿದ ಬೇಯಿಸಿದ ಗೋಧಿಯ ಪೊಟ್ಟಣವಿದೆ, ಮುಂದೆ ಕಾಫಿ ಇದೆ. ಆರಲು ಬಿಡಬೇಡಿ, ಕುಡಿಯುತ್ತಲೇ ಕೇಳಿ.

ನಾನು ಲೆಮೊನ್ಯಾ. ನಾವಿವತ್ತು ನೆನೆಯುತ್ತಿರುವ, ದೊಮ್ನಾ ಅಮ್ಮನ ಪತಿ ಸ್ಟೆರ್ಯೋಸ್ ಬಲ್ಟಾಸ್ ಅವರ ಜೊತೆ ದಫ್ತರಖಾನೆಯ ಕಾಗದ ದುರಸ್ತಿ ಕೋಣೆಯಲ್ಲಿ ಆರು ವರ್ಷ ಕೆಲಸ ಮಾಡಿದವಳು. ನಾನು ಅವರನ್ನು ಮೇಸ್ತ್ರಿ ಎನ್ನುತ್ತಿದ್ದೆ, ಇಲ್ಲಿಯೂ ಹಾಗೇ ಅನ್ನುತ್ತೇನೆ. ಮಾತನ್ನು ಬರೆದುಕೊಂಡು ಬಂದಿದ್ದೇನೆ. ಮನೆಯಲ್ಲಿ ಒಂದು ವರ್ಷದ ಮಗುವಿದೆ. ನಿದ್ದೆಗೆಟ್ಟವಳ ನಾಲಿಗೆ ಎಲ್ಲಿ ಹೇಗೆ ತಪ್ಪಿಸಿಕೊಳ್ಳುತ್ತದೋ ಹೇಳಲಾಗದು. ಇವತ್ತು ಅದು ತಪ್ಪಿಸಿಕೊಳ್ಳಬಾರದು.

ಮೊದಲು ಒಂದು ವಿಷಯ. ಇಲ್ಲಿ — ಮೇಸ್ತ್ರಿಯ ಭಾವಚಿತ್ರದ ಪಕ್ಕದಲ್ಲಿ — ಒಂದು ಪೋಸ್ಟರ್ ನಿಲ್ಲಿಸಿದ್ದೇನೆ. ಅದರ ಬೆನ್ನು ನಿಮ್ಮ ಕಡೆಗಿದೆ. ಬಳಗದ ಅಧ್ಯಕ್ಷರಾದ ಪ್ರೊಕೋಪಿಸ್ ಆಗಲೇ ಎರಡು ಸಲ ಎದ್ದು ಬಂದು ತಿರುಗಿಸಲು ನೋಡಿದರು. "ಉಲ್ಟಾ ಇಟ್ಟಿದ್ದೀಯಲ್ಲಮ್ಮ" ಎಂದರು. ಉಲ್ಟಾ ಅಲ್ಲ ಪ್ರೊಕೋಪಿಸ್. ಹಾಗೇ ಇರಲಿ. ದಯವಿಟ್ಟು ಹಾಗೇ ಇರಲಿ.

ಬೆಳಿಗ್ಗೆ ಇಗರ್ಜಿಯ ಅಂಗಳದಲ್ಲಿ ಎರಡು ಮಾತು ನನ್ನ ಕಿವಿಗೆ ಬಿದ್ದವು. "ಐವತ್ತೆಂಟು ವರ್ಷ, ಹೃದಯ ಹೋಗಿದೆ, ಆದರೂ ಆ ಸಿನಿಮಾ ಹೆಂಗಸಿನ ಪೋಸ್ಟರ್ ಹುಡುಕಿಕೊಂಡು ತಾಷ್ಕೆಂಟಿನ ಹಿಮಕ್ಕೆ ಹೋದನಂತೆ" ಎಂದರು ಒಬ್ಬರು. ಇನ್ನೊಬ್ಬರು, "ಪಾಪ ದೊಮ್ನಾ, ಸವತಿ ಆದರೂ ಉಸಿರಾಡುವವಳು ಆಗಿದ್ದರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತು" ಎಂದರು. ಅಲ್ಲಿದ್ದವರು ನಕ್ಕರು. ದೊಮ್ನಾ ಅಮ್ಮ ಮೂರು ಹೆಜ್ಜೆ ದೂರದಲ್ಲಿದ್ದರು. ಅವರ ಕಿವಿ ಚೆನ್ನಾಗಿಯೇ ಇದೆ.

ನಕ್ಕವರ ಹೆಸರು ಹೇಳಲು ನಾನು ಬಂದಿಲ್ಲ. ನನ್ನ ಹೆಸರನ್ನೇ ಹೇಳಲು ಬಂದಿದ್ದೇನೆ.

ಮೇಸ್ತ್ರಿ ನಟಿ ಮಿರ್ಸಿನಿ ವಲಸ್ತಾರಿಯ ಪೋಸ್ಟರುಗಳನ್ನು ಕೂಡಿಸಿದರು. ಇಪ್ಪತ್ತು ವರ್ಷ, ಇನ್ನೂರ ಹದಿನಾಲ್ಕು ಪೋಸ್ಟರು. ಮಿರ್ಸಿನಿ ಯಾರೆಂದು ಈ ಥೆಸಲೊನೀಕಿಯಲ್ಲಿ ಹೇಳಬೇಕಾಗಿಲ್ಲ. ನಮ್ಮ ಅಮ್ಮಂದಿರು ಅವಳ ಹಾಗೆ ತಲೆವಸ್ತ್ರ ಕಟ್ಟಿದವರು, ನಮ್ಮ ಅಪ್ಪಂದಿರು ಅದನ್ನು ನೋಡಿಯೇ ಮದುವೆಗೆ ಒಪ್ಪಿದವರು. ಆದರೆ ಮೇಸ್ತ್ರಿ ನಮ್ಮೂರ ಪೋಸ್ಟರ್ ಒಂದನ್ನೂ ಕೊಂಡವರಲ್ಲ. ಎಲ್ಲವೂ ಹೊರದೇಶದ್ದು. ಕೈರೋದಲ್ಲಿ ಅವಳಿಗೆ ಹೊಂಬಣ್ಣದ ಕೂದಲು. ವಾರ್ಸಾದಲ್ಲಿ ಅವಳಿಗೆ ಮುಖವೇ ಇಲ್ಲ — ಒಂದು ಮೀನು, ಮೀನಿನ ಹೊಟ್ಟೆಯಲ್ಲಿ ಒಂದು ಕಣ್ಣು. ಇಸ್ತಾಂಬುಲಿನಲ್ಲಿ ಯಾರೋ ಕಲಾವಿದ ಅವಳಿಗೆ ತನ್ನ ಅತ್ತೆಯ ಗಲ್ಲ ಅಂಟಿಸಿದ್ದಾನೆ ಎಂದು ಪ್ರೊಕೋಪಿಸ್ ಹೇಳಿ ನಗಿಸುತ್ತಿದ್ದರು.

ನಿಮಗೆ ನೆನಪಿದೆ — ಇಲ್ಲೇ, ಇದೇ ಮೇಜಿನ ಮೇಲೆ, ಭಾನುವಾರದ ವಿನಿಮಯದಲ್ಲಿ — ಹೊಸ ಪೋಸ್ಟರ್ ಬಿಚ್ಚಿದರೆ ನಾವೆಲ್ಲ ಮುಖ ನೋಡಲು ಬಗ್ಗುತ್ತಿದ್ದೆವು. ಮೇಸ್ತ್ರಿ ಎರಡು ಮೂಲೆ ಹಿಡಿದು — ಹೀಗೆ — ಮೊದಲು ಮಗುಚುತ್ತಿದ್ದರು.

"ಅಯ್ಯೋ ಮಾರಾಯ, ಹುಡುಗಿ ಈ ಕಡೆ ಇದ್ದಾಳೆ!" ಎನ್ನುತ್ತಿದ್ದರು ಪ್ರೊಕೋಪಿಸ್.

"ಇರಲಿ ಬಿಡಯ್ಯ, ಅವಳೆಲ್ಲಿಗೆ ಓಡಿಹೋಗ್ತಾಳೆ?"

ಹಿಂಬದಿಯನ್ನು ಮೇಲಿಂದ ಕೆಳಗೆ ನೋಡಿ, ಮತ್ತೆ ಮಗುಚಿ, ಸುತ್ತಿ ಇಟ್ಟುಬಿಡುತ್ತಿದ್ದರು. ಮುದ್ರೆ ನೋಡುತ್ತಾರೆ, ಅಸಲಿಯೋ ನಕಲಿಯೋ ಪರೀಕ್ಷಿಸುತ್ತಾರೆ ಎಂದುಕೊಂಡಿರಿ. ನಾನೂ ಹಾಗೇ ಅಂದುಕೊಂಡಿದ್ದೆ. ಮನೆಯಲ್ಲಿ ದೊಮ್ನಾ ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು: "ಅವಳು ಬೀರುವಿನಲ್ಲಿ ಮಲ್ಲಿಗೆ ಹೂವಿನ ಹಾಗೆ ಮಲಗಿರ್ತಾಳೆ, ನಾನು ಒಲೆ ಮುಂದೆ ಬೇಯ್ತೀನಿ." ಮೇಸ್ತ್ರಿಯ ಬಳಿ ಉತ್ತರ ಇತ್ತು. ಅದನ್ನು ಮನೆಯಲ್ಲಿ ಹೇಳುವಂತಿರಲಿಲ್ಲ.

ನನಗೆ ಅದು ಗೊತ್ತಾದದ್ದು ಹೋದ ವರ್ಷ, ಬಸುರಿನ ಕೊನೆಯ ತಿಂಗಳಲ್ಲಿ. ಗೋಧಿಹಿಟ್ಟಿನ ಅಂಟು ಕಾಯಿಸುತ್ತಿದ್ದೆವು. ನನ್ನ ಹೊಟ್ಟೆ ಮೇಜಿಗೆ ತಾಗುತ್ತಿತ್ತು. ಅದನ್ನು ನೋಡಿ ನಕ್ಕ ಮೇಸ್ತ್ರಿ ಇದ್ದಕ್ಕಿದ್ದಂತೆ, "ನಮ್ಮಪ್ಪ ನನ್ನ ನಾಲ್ಕು ವರ್ಷ ನೋಡಿದ, ಅಷ್ಟೆ" ಎಂದರು. ಅಪ್ಪ ಬೆಟ್ಟದಲ್ಲಿ ಸತ್ತರು ಎಂದು ನಾವೆಲ್ಲ ಕೇಳಿದ್ದೆವು. ಸತ್ತಿರಲಿಲ್ಲ. ನಲವತ್ತೊಂಬತ್ತರಲ್ಲಿ, ಅಂತರ್ಯುದ್ಧದಲ್ಲಿ ಸೋತ ಕಮ್ಯುನಿಸ್ಟರ ಜೊತೆ ಗಡಿ ದಾಟಿದರು. ದಾಟಿ, ತಾಷ್ಕೆಂಟ್ ಸೇರಿದರು. ಅಲ್ಲಿ ಒಂದು ಚಿತ್ರಮಂದಿರಕ್ಕೆ ಪೋಸ್ಟರ್ ಅಂಟಿಸುವ ಕೆಲಸ ಮಾಡಿದರು. ಮೇಸ್ತ್ರಿಯ ತಾಯಿ ಊರಿಗೆಲ್ಲ "ಸತ್ತ" ಎಂದರು. ಓಡಿಹೋದವನ ಮಗನಿಗೆ ಆಗ ಶಾಲೆ ಇಲ್ಲ, ಕೆಲಸ ಇಲ್ಲ, ಹೆಣ್ಣು ಇಲ್ಲ. ದೊಮ್ನಾ ಅಮ್ಮನ ತಂದೆ ಪೊಲೀಸಿನವರು. ಅವರು ಮಗಳನ್ನು ಕೊಟ್ಟದ್ದು ಸತ್ತವನ ಮಗನಿಗೆ. ಆಮೇಲೆ ಕಾಲ ಬದಲಾಯಿತು, ಹೇಳಬಹುದಿತ್ತು. "ಆದರೆ ಆ ಸುಳ್ಳು ನನಗಿಂತ ಮೊದಲೇ ನಮ್ಮ ಮನೆಗೆ ಬಂದು ಕೂತಿತ್ತಲ್ಲ ಮಗಳೇ, ಅದನ್ನ ಎಬ್ಬಿಸೋದು ಹೇಗೆ?" ಎಂದರು.

ಎಂಬತ್ತಮೂರರಲ್ಲಿ ಅಲ್ಲಿಂದ ಮರಳಿ ಬಂದ ಮುದುಕರೊಬ್ಬರು ಇವರನ್ನು ಹುಡುಕಿಕೊಂಡು ಬಂದರಂತೆ. "ನಿಮ್ಮಪ್ಪ ಅರವತ್ತೇಳರಲ್ಲಿ ಹೋದ. ಕಾಗದ ಹಾಕಿ ಹಾಕಿ ಸಾಕಾಗಿತ್ತು ಅವನಿಗೆ, ಒಂದೂ ನಿಮಗೆ ಮುಟ್ಟಲಿಲ್ಲ. ಕೊನೆಗೆ ಮಿರ್ಸಿನಿ ಸಿನಿಮಾ ಬಂತು ಅಲ್ಲಿನ ಟಾಕೀಸಿಗೆ. ಗೋಡೆ ತುಂಬಾ ನಮ್ಮ ಹೆಣ್ಣುಮಗಳ ಮುಖ! ಒಂದು ಪೋಸ್ಟರ್ ಅಂಟಿಸದೆ ಉಳಿಸಿಕೊಂಡ, ಅದರ ಹಿಂಬದಿಯಲ್ಲಿ ಮನೆಗೆ ಅಂತ ಕಾಗದ ಬರೆದ. ನೇರಳೆ ಪೆನ್ಸಿಲು. ನಾಲಿಗೆಗೆ ತಾಗಿಸಿ ತಾಗಿಸಿ ಬರೆದು ಎರಡು ದಿನ ನಾಲಿಗೆ ನೇರಳೆ ಮಾಡಿಕೊಂಡಿದ್ದ, ನಾವೆಲ್ಲ ನಕ್ಕಿದ್ದೆವು. ಆ ಟಾಕೀಸಿಗೆ ಯಾವ ಯಾವ ದೇಶದ ಪೋಸ್ಟರೋ ಬರ್ತಿತ್ತು, ಅದು ಯಾವುದೋ, ಎಲ್ಲಿ ಹೋಯಿತೋ."

ಅಷ್ಟೆ. ಇಪ್ಪತ್ತು ವರ್ಷ ಇನ್ನೂರ ಹದಿನಾಲ್ಕು ಸಲ ಮಗುಚಿದ್ದು ಅದಕ್ಕೆ. ಅವರು ಮಿರ್ಸಿನಿಯ ಮುಖವನ್ನು ಸರಿಯಾಗಿ ನೋಡಿದ್ದರೋ ಇಲ್ಲವೋ ನನಗೆ ಅನುಮಾನ.

ಈಗ — ನನ್ನ ಭಾಗ.

ಹೋದ ಅಕ್ಟೋಬರಿನಲ್ಲಿ ಒಡೆಸ್ಸಾದ ವ್ಯಾಪಾರಿಯೊಬ್ಬನಿಂದ ಒಂದು ಪೋಸ್ಟರ್ ಬಂತು. ಅರವತ್ನಾಲ್ಕರದ್ದು, ರಷ್ಯನ್ ಅಕ್ಷರ, ಕೆಳಗೆ ತಾಷ್ಕೆಂಟಿನ ಚಿತ್ರಮಂದಿರದ ಹೆಸರು. ಆದರೆ ಮಗುಚಿ ನೋಡುವಂತಿರಲಿಲ್ಲ. ಯಾರೋ ಅದನ್ನು ದಪ್ಪ ರಟ್ಟಿಗೆ ಅಂಟಿಸಿಬಿಟ್ಟಿದ್ದರು. ಅದೇ ವಾರ ಮೇಸ್ತ್ರಿ ಹೃದಯದ ಚಿಕಿತ್ಸೆಗೆ ಆಸ್ಪತ್ರೆ ಸೇರಬೇಕಿತ್ತು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಹಬೆಯ ಪೆಟ್ಟಿಗೆಯಲ್ಲಿಡು, ಅಂಟು ತಾನೇ ಮೆತ್ತಗಾಗಲಿ. ಬಿಡಿಸೋದು ನಾನು. ನೀರು ಮಾತ್ರ ತೋರಿಸಬೇಡ, ಕೇಳಿಸ್ತಾ? ಆ ಪೆನ್ಸಿಲು ನೀರು ಕಂಡರೆ ಓಡಿಹೋಗುತ್ತೆ."

"ಆರು ವರ್ಷ ಆಯ್ತು ಮೇಸ್ತ್ರಿ, ಅಷ್ಟೂ ಗೊತ್ತಾಗಲ್ವಾ?" ಎಂದೆ. ನಕ್ಕುಕೊಂಡು ಎಂದೆ.

ಎರಡು ದಿನ ಪೆಟ್ಟಿಗೆಯಲ್ಲೇ ಇತ್ತು. ಮೂರನೆಯ ದಿನ ನಾನು ಕೆಲಸಕ್ಕೆ ಬಂದಾಗ ಮೂರು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ. ಮಗುವಿಗೆ ಕಿವಿನೋವು. ಎತ್ತಿಕೊಂಡರೆ ಅಳು, ಮಲಗಿಸಿದರೆ ಕಿರುಚು. ಹನ್ನೊಂದು ಗಂಟೆಯ ಹೊತ್ತಿಗೆ ಪೋಸ್ಟರ್ ಮೆತ್ತಗಾಗಿದೆಯೇ ಎಂದು ನೋಡಲು ಪೆಟ್ಟಿಗೆಯಿಂದ ತೆಗೆದೆ. ಅದನ್ನು ಮತ್ತೆ ಪೆಟ್ಟಿಗೆಗೆ ಇಡಬೇಕಿತ್ತು. ತೊಟ್ಟಿಗೆ ಹಾಕಿದೆ. ಉಳಿದ ಎಲ್ಲ ಪೋಸ್ಟರುಗಳನ್ನು ತೊಳೆಯುವ ನೀರಿನ ತೊಟ್ಟಿ. ಕೈ ತನ್ನಷ್ಟಕ್ಕೆ ಮಾಡಿತು. ಪಕ್ಕದ ಕುರ್ಚಿಯಲ್ಲಿ ಕೂತೆ. ಒಂದು ನಿಮಿಷ ಎಂದು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ನೀರು ನೇರಳೆಯಾಗಿತ್ತು.

ತೊಟ್ಟಿ ಪೂರ್ತಿ. ಹಿತ್ತಲಲ್ಲಿ ದ್ರಾಕ್ಷಿ ತುಳಿದ ಹಾಗೆ. ಎತ್ತಿದೆ, ರಟ್ಟು ಕಳಚಿಕೊಂಡಿತು, ಹಿಂಬದಿಯೆಲ್ಲ ಒಂದೇ ಮೋಡ. ಸಾಲುಗಳಿದ್ದವು ಎಂದು ಗೊತ್ತಾಗುತ್ತಿತ್ತು. ಸುಮಾರು ಮೂವತ್ತು ಸಾಲು. ನಾನು ನೋಡುತ್ತಿದ್ದ ಹಾಗೇ ಅವು ಒಂದರೊಳಗೊಂದು ಇಳಿದವು. ಅಡಿಯಲ್ಲಿ, ಅಂಟು ದಪ್ಪವಾಗಿದ್ದ ಕಡೆ, ಒಂದು ಸಾಲು ಉಳಿದಿತ್ತು. ಒಂದೇ ಒಂದು.

ನಾನು ಏನು ಮಾಡಿದೆ? ಒಣಗಿಸಿದೆ. ಹೊಸ ಬಟ್ಟೆ ಕತ್ತರಿಸಿ, ಅಂಟು ಹಚ್ಚಿ, ಆ ಹಿಂಬದಿಯನ್ನು ಮುಚ್ಚಿದೆ. ಕಾಗದಕ್ಕೆ ಬಟ್ಟೆ ಹಚ್ಚುವುದು ಅದು ಉಳಿಯಲಿ ಎಂದು. ನಾನು ಹಚ್ಚಿದ್ದು ಕಾಣದಿರಲಿ ಎಂದು.

ಮೇಸ್ತ್ರಿ ಆಸ್ಪತ್ರೆಯಿಂದ ಮನೆಗೂ ಹೋಗದೆ ಬಂದರು. ಕೋಟು ಬಿಚ್ಚಲಿಲ್ಲ.

"ಬಿಟ್ಟುಕೊಂಡಿತಾ?"

"ತಾನೇ ಬಿಟ್ಟುಕೊಂಡಿತು ಮೇಸ್ತ್ರಿ. ಬಟ್ಟೆ ಹಚ್ಚಿದೆ."

"ಹಿಂದೆ?"

"ಖಾಲಿ."

"ಒಂದು ಗೀಟೂ ಇರಲಿಲ್ವಾ?"

"ಇಲ್ಲ."

ಕೆಲಸ ಹೋಗುತ್ತದೆ ಎಂಬ ಭಯದಿಂದ ಹೇಳಲಿಲ್ಲ ಎಂದರೆ ನಿಮಗೆ ನನ್ನ ಮೇಲೆ ಒಂದಿಷ್ಟು ಕನಿಕರ ಬಂದೀತು. ಅದು ನಿಜವಲ್ಲ. ಮೇಸ್ತ್ರಿ ನನ್ನನ್ನು ಕೆಲಸದಿಂದ ಬಿಡಿಸುವವರಲ್ಲ. ಆ ಕ್ಷಣದ ಅವರ ಮುಖವನ್ನು ನಾನು ನೋಡಲಾರದೆ ಹೋದೆ. ಅಷ್ಟೆ. ನನ್ನ ಒಂದು ಕ್ಷಣ ಉಳಿಸಿಕೊಳ್ಳಲು ಹೇಳಿದೆ.

ಅವರು ಪೋಸ್ಟರಿನ ಮುಂದೆ ಬಹಳ ಹೊತ್ತು ನಿಂತರು. ಜೀವಮಾನದಲ್ಲಿ ಮೊದಲ ಸಲ ಮುಖ ನೋಡಿದರು. ಮಿರ್ಸಿನಿಯ ಕತ್ತಿನ ಹತ್ತಿರ ಒಂದು ತೆಳು ನೇರಳೆ ಕಾಣುತ್ತಿತ್ತು. ಹಿಂದಿನಿಂದ ಇಳಿದು ಬಂದದ್ದು. "ನೋಡು ಲೆಮೊನ್ಯಾ," ಎಂದರು, "ಎಷ್ಟು ಚೆನ್ನಾಗಿ ನೆರಳು ಕೊಟ್ಟಿದ್ದಾನೆ, ಯಾರೋ ಪುಣ್ಯಾತ್ಮ." ಆಮೇಲೆ, "ಇದಲ್ಲ ಅಂದರೆ ಇನ್ನೊಂದು ಇರಬೇಕು. ಅಲ್ಲೇ ಇರಬೇಕು. ನಾನೇ ಹೋಗಿ ನೋಡ್ತೀನಿ" ಎಂದರು. ಬಾಗಿಲ ತನಕ ಹೋಗಿ ತಿರುಗಿ, "ಮಗು ನಿನ್ನೆ ಮಲಗಿತಾ?" ಎಂದು ಕೇಳಿದರು.

ಮಲಗಿತು ಎಂದೆ. ಅದೂ ಸುಳ್ಳು.

ಜನವರಿಯಲ್ಲಿ ತಾಷ್ಕೆಂಟಿಗೆ ಹೊರಟರು. ಡಾಕ್ಟರು ಬೇಡವೆಂದರು, ದೊಮ್ನಾ ಅಮ್ಮ ಚೀಲ ಬಚ್ಚಿಟ್ಟರು. ಅವರನ್ನು ತಡೆಯಬಲ್ಲ ಮಾತು ಈ ಊರಿನಲ್ಲಿ ಒಬ್ಬಳ ಬಾಯಲ್ಲಿ ಮಾತ್ರ ಇತ್ತು. ಅವಳು ಬಸ್ಸಿನವರೆಗೆ ಬಂದು ಕೈ ಬೀಸಿದಳು. ಮೂರು ತಿಂಗಳು, ಪ್ರತಿದಿನ, ಒಂದೇ ಮೇಜಿನ ಎದುರು ಬದುರು ಕೂತು, ನಾನು ಹೇಳಲಿಲ್ಲ.

ಅಲ್ಲಿ ಉಳಿದುಕೊಂಡಿದ್ದ ಮನೆಯ ಹೆಂಗಸು ಫೋನಿನಲ್ಲಿ ಹೇಳಿದ್ದನ್ನು ದೊಮ್ನಾ ಅಮ್ಮ ನನಗೆ ಹೇಳಿದರು. ಮರಳದೆ ಅಲ್ಲೇ ಉಳಿದಿರುವ ನಮ್ಮ ದೇಶದ ಮುದುಕರ ಮನೆಮನೆಗೆ ಮೇಸ್ತ್ರಿ ಹೋಗುತ್ತಿದ್ದರಂತೆ. ಗೋಡೆಯ ಮೇಲೆ ಮಿರ್ಸಿನಿ ಇದ್ದರೆ, "ಒಂದು ಸಲ ಹಿಂದೆ ನೋಡಬಹುದಾ?" ಎಂದು ಕೇಳುತ್ತಿದ್ದರಂತೆ. "ಆ ಗಾಳಿಯಲ್ಲಿ ಬರಿತಲೆಯಲ್ಲಿ ಹೋಗೋರು, ಬೈದರೂ ಕೇಳ್ತಿರಲಿಲ್ಲ" ಎಂದಳಂತೆ. ನಾಲ್ಕನೆಯ ದಿನ ಬೆಳಿಗ್ಗೆ ಯಾರದೋ ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ.

ಹೋದ ಗುರುವಾರ ನಾನು ದೊಮ್ನಾ ಅಮ್ಮನ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಕಾಫಿ ಬಟ್ಟಲು ತೊಳೆಯುತ್ತಿದ್ದರು. ಬಹಳ ಹೊತ್ತು ಒಂದೇ ಬಟ್ಟಲು ತೊಳೆದರು. "ಹಾಗಾದರೆ ಇಪ್ಪತ್ತು ವರ್ಷ ನಾನು ಮಾವನ ಕಾಗದದ ಮೇಲೆ ಹೊಟ್ಟೆಕಿಚ್ಚು ಪಟ್ಟೆನಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನಿನ್ನನ್ನ ಕ್ಷಮಿಸೋಕೆ ನನ್ನ ಕೈಲಿ ಆಗಲ್ಲ, ಕೇಳಲೂ ಬೇಡ. ಆದರೆ ನನಗೊಬ್ಬಳಿಗೆ ಹೇಳಿ ಹಗುರಾಗಬೇಡ. ನಲವತ್ತಕ್ಕೆ ಎಲ್ಲ ಬರ್ತಾರೆ, ನಗ್ತಾರೆ. ಅಲ್ಲಿ ನಿಂತು ಹೇಳು."

ಹೇಳಿದ್ದೇನೆ, ಅಮ್ಮ.

ಇನ್ನು ಒಂದೇ ಮಾತು ಇದೆ. ಮೇಸ್ತ್ರಿ ನನಗೆ ಕಲಿಸಿದ ಮೊದಲ ಪಾಠ: ನಾವು ಹಚ್ಚಿದ್ದನ್ನು ನಮ್ಮ ನಂತರದವರು ಬಿಡಿಸುವಂತಿರಬೇಕು, ಅದಕ್ಕೇ ಗೋಧಿಯ ಅಂಟು. ನಿನ್ನೆ ಹಗಲೆಲ್ಲ ಕೂತು, ಮೂಲೆಯಿಂದ ಮೂಲೆಗೆ, ಹಬೆಯಲ್ಲೇ, ಆ ಬಟ್ಟೆಯನ್ನು ಬಿಡಿಸಿದೆ. ಈಗ ನಿಮಗೆ ಕಾಣುತ್ತಿರುವುದು ಆ ಹಿಂಬದಿ. ಆ ನೇರಳೆ ಮೋಡ — ಅದು ನಾನು ಮಾಡಿದ್ದು. ಅಡಿಯಲ್ಲಿರುವ ಸಾಲು — ಅದು ಅವರಪ್ಪ ಬರೆದದ್ದು. ಅದನ್ನು ಬರೆದಾಗ ಮೇಸ್ತ್ರಿಗೆ ಹತ್ತೊಂಬತ್ತು ವರ್ಷ, ಸೈನ್ಯದಲ್ಲಿದ್ದರು. ಅಪ್ಪನ ಲೆಕ್ಕದಲ್ಲಿ ಇನ್ನೂ ನಾಲ್ಕೇ. ಓದುತ್ತೇನೆ:

"ಹುಡುಗನ ಕಿವಿ ಗಾಳಿಗೆ ನೋಯುತ್ತೆ, ಟೋಪಿ ಹಾಕದೆ ಹೊರಗೆ ಕಳಿಸಬೇಡ."

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಬಟ್ಟಲುಗಳನ್ನು ಕೆಳಗಿಡಿ. ಸ್ಟೆರ್ಯೋಸ್ ಬಲ್ಟಾಸ್ ಅವರಿಗಾಗಿ ಒಂದು ನಿಮಿಷ ಮಾತು ಬೇಡ. ಭಾವಚಿತ್ರದ ಕಡೆಯೂ ನೋಡುವುದು ಬೇಡ, ನನ್ನ ಕಡೆಯೂ ಬೇಡ. ಅವರು ಇಪ್ಪತ್ತು ವರ್ಷ ನೋಡಿದ ಕಡೆಗೇ, ಈ ಹಿಂಬದಿಗೆ, ನೋಡುತ್ತಾ ನಿಲ್ಲೋಣ.