ಹಿಂದಿನ ಮೇಜಿನ ಮುದುಕ

...ಇರು ಮಾರಾಯ, ಅವಸರ ಮಾಡ್ಬೇಡ. ಡಿಸ್ಕ್ ಒಳಗೆ ಹೋಗಿದೆ. ಗುರ್ ಅಂತಿದೆಯಲ್ಲ, ಕೇಳಿಸ್ತಾ? ನಿನ್ನ ಮಗಳು ಬೂಸಾನ್‌ನಿಂದ ತಂದಿಟ್ಟು ಹೋದ ಯಂತ್ರ ಮುದಿ ಬೆಕ್ಕಿನ ಹಾಗೆ ಗೊರಕೆ ಹೊಡೀತಿದೆ. ಆ ಡಿಸ್ಕಿನ ಡಬ್ಬಿ ಕೊಡಿಲ್ಲಿ. ಆಗಿಂದ ಯಾಕೆ ಅದನ್ನ ಸವರ್ತಾ ಕೂತಿದ್ದೀಯ? ಸಿನಿಮಾ ಬರೋದು ಟಿವಿಯಲ್ಲಿ ಕಣೋ ಮನ್‌ಹೋ, ಡಬ್ಬಿಯಲ್ಲಲ್ಲ.

ಡಬ್ಬಿ ಮೇಲೇನಿದೆ ಅಂತೀಯಾ? ಏನಿರುತ್ತೆ... ಹುಡುಗ, ಹುಡುಗಿ, ಒಂದು ಕೊಡೆ. ಪ್ರೇಮದ ಸಿನಿಮಾ ಅಂದ್ಮೇಲೆ ಕೊಡೆ ಇರ್ಲೇಬೇಕಲ್ಲ. ಇಬ್ಬರಿಗೂ ಸೇರಿ ಒಂದೇ ಕೊಡೆ, ಇಬ್ಬರೂ ನೆನೀತಿದ್ದಾರೆ, ಬುದ್ಧಿ ಬೇಡ್ವಾ. ಹ್ಞೂಂ, ಅಷ್ಟೇ. ಇಲ್ಲ, ಬೇರೆ ಯಾರೂ ಇಲ್ಲ. ಇನ್ಯಾರಿರ್ತಾರೆ? ನಿನಗೆ ಕಣ್ಣು ಹೋದ್ಮೇಲೆ ಅನುಮಾನ ಜಾಸ್ತಿ ಆಗಿದೆ.

ಮಕ್‌ಗೊಲ್ಲಿ ಕುಡಿ, ಅಕ್ಕಿ ಹೆಂಡ ಮೈಗೆ ಒಳ್ಳೇದು, ನಿನ್ನ ಬಲಗೈ ಹತ್ರ ಇದೆ. ಅದು ಎಡಗೈ ಕಣೋ. ಜೀವಮಾನವಿಡೀ ಯೋಸು ಬಂದರಿನಿಂದ ದ್ವೀಪಗಳಿಗೆ ಹಡಗು ನಡೆಸಿದ ಕ್ಯಾಪ್ಟನ್ನಿಗೆ ಎಡ ಯಾವುದು, ಬಲ ಯಾವುದು ಗೊತ್ತಿಲ್ಲ. ಜನ ಬದುಕಿ ದಡ ಸೇರ್ತಿದ್ದಿದ್ದೇ ದೊಡ್ಡದು. ನಗು, ನಗು. ನಕ್ಕರೆ ಹಲ್ಲು ಉದುರಲ್ಲ, ಉಳಿದಿರೋದೇ ಎಷ್ಟು.

ಶುರುವಾಯ್ತು. ಸಮುದ್ರ. ನಮ್ಮದೇ ಸಮುದ್ರ, ಹಡಗು ನಿಲ್ಲೋ ನಮ್ಮದೇ ದಕ್ಕೆ. ಈ ಸಂಗೀತ ಕೇಳಿಸ್ಕೋ, ಯಾರೋ ಹೊಟ್ಟೆನೋವಲ್ಲಿ ಪಿಟೀಲು ಬಾರಿಸ್ತಿರೋ ಹಾಗಿದೆ. ಇದಕ್ಕೆ ಪರದೇಶದಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದ್ರಂತೆ. ಸಿಯೋಲ್‌ನಲ್ಲೂ ಹೊಡೆದ್ರಂತೆ. ನಮ್ಮೂರಿಗೆ ಮಾತ್ರ ಬರ್ಲಿಲ್ಲ ನೋಡು. ಥಿಯೇಟರಿನವನನ್ನ ಕೇಳಿದ್ರೆ, 'ಒಂದು ಕಾರು ಪಲ್ಟಿ ಹೊಡೆಯಲ್ಲ, ಒಬ್ಬನೂ ಸಾಯಲ್ಲ, ಯಾರು ನೋಡ್ತಾರೆ ತಾತ' ಅಂದ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಸುಳ್ಳಲ್ಲ. ಪಾಪ ಸಿಯೋಲ್ ಹುಡುಗರೇ ಹಟ ಹಿಡಿದ್ರಂತೆ, 'ನಾವು ಮುಂಗಡ ಕಟ್ತೀವಿ, ಡಿಸ್ಕ್ ಮಾಡಿ, ಮನೇಲಿಟ್ಕೊಂಡು ನೋಡ್ತೀವಿ' ಅಂತ. ಅವರ ಪುಣ್ಯ, ನಿನ್ನ ಮನೆಯ ಬೆಚ್ಚಗಿನ ನೆಲದ ಮೇಲೆ ಕಾಲು ಚಾಚ್ಕೊಂಡು ನಾವಿಬ್ಬರೂ ನೋಡ್ತಿದ್ದೀವಿ. ಸರಿ, ನಾನು ನೋಡ್ತಿದ್ದೀನಿ, ನೀನು ಕೇಳ್ತಿದ್ದೀಯ. ಮುಖ ಊದಿಸ್ಕೋಬೇಡ. ಕುರುಡನನ್ನ ಕುರುಡ ಅನ್ನದೆ ಮಂತ್ರಿ ಅನ್ಲಾ?

ಕತೆ ಹೇಳ್ಬೇಕಾ? ಹೇಳ್ತೀನಿ. ಹುಡುಗ ದಕ್ಕೇಲಿ ಟಿಕೆಟ್ ಹರಿಯೋನು. ಹುಡುಗಿ ಸಿಯೋಲಿನವಳು, 'ನಿನ್ನ ಸಹವಾಸ ಸಾಕು' ಅಂತ ಎದುರಿಗೇ ಹೇಳಿ ಹೋಗೋಣ ಅಂತ ಬಂದಿದ್ದಾಳೆ. ಫೋನಲ್ಲಿ ಹೇಳಿದ್ರೆ ಸಿನಿಮಾ ಮುಗಿದುಹೋಗುತ್ತಲ್ಲ, ಅದಕ್ಕೆ. ಈಗ ಅವನು ಅವಳ ಪೆಟ್ಟಿಗೆ ಹೊತ್ಕೊಂಡು ಹಿಂದೆ ಓಡ್ತಿದ್ದಾನೆ. ಅಲ್ಲಿ ಮೀನಿನ ಬುಟ್ಟಿಗೆ ಎಡವಿ ಬಿದ್ದ. ಅದೇ ಶಬ್ದ ನೀನು ಕೇಳಿದ್ದು. ಪೆಟ್ಟಿಗೆ ಬಾಯಿ ಬಿಡ್ತು, ಒಳಬಟ್ಟೆಯೆಲ್ಲ ಮೀನಿನ ಮೇಲೆ... ಏ, ನಿಂಗ್ಯಾಕೆ ಬಣ್ಣ? ಮುದಿ ಗೂಬೆ. ಕೆಂಪು, ಸಾಕಾ?

ಈಗ ಸುಮ್ಮನಿದ್ದಾರೆ. ಏನು ಮಾಡ್ತಿದ್ದಾರೆ ಅಂತ ಕೇಳ್ಬೇಡ. ...ಇನ್ನೂ ಮಾಡ್ತಿದ್ದಾರೆ. ಉಸಿರು ಕಟ್ಟಲ್ವಾ ಇವಕ್ಕೆ? ಸರಿ, ಬಿಟ್ಟರು. ಮತ್ತೆ ಜಗಳ.

ಹೌದು, ಇದರಲ್ಲಿ ನಿನ್ನ ಹೆಂಡ್ತಿ ಇದ್ದಾಳೆ ಅಂತ ನಂಗೂ ನೆನಪಿದೆ. ಇನ್ನೇನು, ಅತ್ತಿಗೆ ಬರೋ ಹೊತ್ತಾಯ್ತು. ಕಪ್ಪೆಚಿಪ್ಪಿನ ಮಾಂಸದ ನೂಡಲ್ಸ್ ಅಂಗಡಿ ಬಂದಾಗ ಅತ್ತಿಗೆ ಬರ್ತಾಳೆ.

ಏನು, ಅತ್ತಿಗೆ ಅಂದಿದ್ದಕ್ಕೆ ನಗ್ತೀಯಾ? ನೀನು ನನಗಿಂತ ನಾಲ್ಕು ತಿಂಗಳು ದೊಡ್ಡೋನು ಅಂತ ನಲವತ್ತು ವರ್ಷ ನನ್ನ ಕೈಲಿ ಹೆಂಡ ಬಗ್ಗಿಸಿಕೊಂಡು ಕುಡಿದವನು. ನೀನು ಅಣ್ಣ ಆದ್ರೆ ಅವಳು ಅತ್ತಿಗೆ ಆಗ್ಲೇಬೇಕಲ್ಲ. ಇಷ್ಟು ವರ್ಷದಲ್ಲಿ ನಾನವಳನ್ನ ಬೇರೆ ಹೆಸರಲ್ಲಿ ಕರೆದಿದ್ದು ಕೇಳಿದ್ದೀಯಾ? ಇಲ್ವಲ್ಲ. ಹಾಗಾದ್ರೆ ಸುಮ್ಮನಿರು.

ನೋಡು, ಆ ದೃಶ್ಯ... ಮುಂದಕ್ಕೆ ಓಡಿಸಿಬಿಡ್ಲಾ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಅವಳು ತೀರಿಹೋಗಿ ಎರಡು ವರ್ಷ ಆದ್ಮೇಲೆ ಅವಳ ಧ್ವನಿ ಕೇಳೋದು ಅಂದ್ರೆ ಸುಮ್ಮನೆ ಮಾತಲ್ಲ. ನಿನ್ನ ಬಿಪಿ ಬೇರೆ. ಡಾಕ್ಟ್ರು ಏನಂದಿದ್ರು? ...ಬೇಡ್ವಾ. ಸರಿ. ಕೈ ಬಿಡು, ನೋಯ್ತಿದೆ. ಓಡಿಸಲ್ಲ ಅಂದ್ನಲ್ಲ.

ನಾನೇನು ಮಾಡ್ತೀನಿ ಅದರಲ್ಲಾ? ತಿಂತೀನಿ. ನೂಡಲ್ಸ್ ಅಂಗಡೀಲಿ ಇನ್ನೇನು ಕ್ಷೌರ ಮಾಡ್ಲಾ? ಕಳಿಸಿದ್ದು ನೀನೇ ತಾನೆ. ಡೈರೆಕ್ಟರ್ ಹುಡುಗಿ ನಿಮ್ಮ ಮನೆ ಬಾಗಿಲಿಗೇ ಬಂದು, 'ಹಿಂದಿನ ಮೇಜಿನಲ್ಲಿ ಕೂರೋಕೆ ಒಂದು ಹಳೇ ಜೋಡಿ ಬೇಕು, ಅಜ್ಜಿ ಜೊತೆ ನೀವೂ ಬನ್ನಿ ಅಜ್ಜ' ಅಂತ ಕೈ ಮುಗಿದಳು. ನೀನೇನಂದೆ? 'ಕ್ಯಾಮೆರಾ ಮುಂದೆ ನೂಡಲ್ಸ್ ಹೀರೋಕೆ ನಾನೇನು ಕೋತೀನಾ? ಪಿಲ್‌ಗು ಇದ್ದಾನಲ್ಲ, ಅವನಿಗೆ ಹೆಂಡ್ತಿ ಇಲ್ಲ ಮಕ್ಕಳಿಲ್ಲ, ಅವನನ್ನ ಕರ್ಕೊಂಡು ಹೋಗು.' ಅಂದ್ಯೋ ಇಲ್ವೋ? ಕೋತಿ ಹೋಯ್ತು, ಕೂತಿತು, ತಿಂದಿತು, ಬಂತು.

ಆ ಹುಡುಗೀರಾ? ಅಂಗಡಿ ಮುಂದೆ ಫೋಟೋ ತೆಗೆಸ್ಕೊಳ್ಳೋರಾ? ಯಾರು ಹೇಳಿದ್ರು ನಿಂಗೆ... ಹ್ಞಾ, ಬರ್ತಾರೆ. ಸಿಯೋಲ್‌ನಿಂದ ಗುಂಪು ಕಟ್ಕೊಂಡು ಬಂದು ಆ ಹಿಂದಿನ ಮೇಜೇ ಬೇಕು ಅಂತ ಸಾಲು ನಿಲ್ತಾರೆ. ಆಮೇಲೆ ನನ್ನ ಕ್ಷೌರದ ಅಂಗಡಿಗೂ ಬರ್ತಾರೆ. ಈ ವಯಸ್ಸಲ್ಲೂ ನನ್ನ ಮುಖದಲ್ಲಿ ಕಳೆ ಇದೆ, ನಿನ್ನ ಹಾಗೆ ಒಣಗಿದ ಮೀನಲ್ಲ. 'ಅಜ್ಜ, ಒಂದ್ಸಲ ಹಾಗೇ...' ಅಂತಾರೆ. ಹಾಗೇ ಅಂದ್ರೆ? ಹಾಗೇ ನಗು ಅಂತ. ಇನ್ನೇನು. ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಲಿ? ಕುಡಿ ನೀನು.

ಶ್. ಬಂತು. ಅಂಗಡಿ ಬಾಗಿಲು ತೆರೀತು. ಮುಂದಿನ ಮೇಜಲ್ಲಿ ಹುಡುಗ ಹುಡುಗಿ ಕೂತರು. ಅವಳು ಅಳ್ತಿದ್ದಾಳೆ, ಅವನು ಮೂಲಂಗಿ ಉಪ್ಪಿನಕಾಯಿ ಕಡೀತಿದ್ದಾನೆ, ಗಂಡಸು ಜಾತಿನೇ ಇಷ್ಟು. ಹಿಂದೆ... ಹಿಂದೆ ಅತ್ತಿಗೆ ಇದ್ದಾಳೆ. ನಾನೂ ಇದ್ದೀನಿ. ಬಟ್ಟಲಲ್ಲಿ ತಲೆ ಹುದುಗಿಸ್ಕೊಂಡು ತಿಂತಿದ್ದೀನಿ, ಹಸುವಿನ ಹಾಗೆ. ನನ್ನ ಮುಖಾನೇ ಕಾಣ್ತಿಲ್ಲ, ಬರೀ ಬೋಳು. ಈಗ ಕೇಳು. ಈಗ...

ಕೇಳಿಸ್ತಾ?

'ತಿನ್ನಿ, ಆರಿಹೋಗುತ್ತೆ.'

...ಅಷ್ಟೇ ಮಾತು. ಅಷ್ಟೇ ಇರೋದು. ಅಳು, ಅತ್ತುಬಿಡು, ಇಲ್ಲಿ ಯಾರಿದ್ದಾರೆ. ನಂಗೇನೂ ಆಗಿಲ್ಲ, ನಂದು ಶೀತ. ದಿನಾ ನಿಂಗೆ ಹೇಳ್ತಿದ್ದ ಮಾತೇ ಅದು, ಅಲ್ವಾ? ಡೈರೆಕ್ಟರ್ ಹುಡುಗಿ ಬರೆದುಕೊಟ್ಟಿರ್ಲಿಲ್ಲ, ಅವಳ ಬಾಯಿಂದ ತಾನಾಗೇ ಬಂತು. ನಿನ್ನನ್ನ ನೆನೆಸ್ಕೊಂಡೇ ಅಂದಿರ್ತಾಳೆ.

ಈಗ ನಿಲ್ಲಿಸ್ಲಾ? ಇನ್ನೇನಿಲ್ಲ, ಆ ಫೋಟೋ ಹುಡುಗೀರು ಕತೆ ಹೇಳಿದ್ದಾರೆ, ಹುಡುಗಿ ಆ ಹಿಂದಿನ ಮೇಜನ್ನ ನೋಡ್ತಾಳೆ, ಮನಸ್ಸು ಬದಲಾಯಿಸ್ತಾಳೆ, ಊರಲ್ಲೇ ಉಳೀತಾಳೆ. ಯಾಕೆ ಅಂದ್ರೆ... ಹಸಿವಾಗಿರುತ್ತೆ. ನೂಡಲ್ಸ್ ಚೆನ್ನಾಗಿದೆ ಅಂತ ಉಳ್ಕೊಂಡ್ಳು. ಈಗಿನ ಹುಡುಗರು ಅಷ್ಟೇ.

ಏ, ರಿಮೋಟ್ ಯಾಕೆ ನಿನ್ನ ಕೈಗೆ? ಕೊಡಿಲ್ಲಿ, ಏನಾದ್ರೂ ಒತ್ತಿ ಕೆಡಿಸ್ತೀಯ. ಆ ಬಟನ್ ಮೇಲೆ ಗಾಯದ ಪಟ್ಟಿ ಯಾರು ಅಂಟಿಸಿದ್ದು? ಯುನ್‌ಹೀನಾ? ಅಪ್ಪನ ಕೈಗೆ ಸಿಗ್ಲಿ ಅಂತಾನಾ? ಏನದು... ಹಿಂದಕ್ಕೆ ಹೋಯ್ತು ನೋಡು. ಮತ್ತೆ ಅಂಗಡಿ ಬಾಗಿಲು ತೆರೀತು.

ಯಾರಿದು ಹೆಂಗಸು? ಯಾರು ಮಾತಾಡ್ತಿರೋದು? ಸಿನಿಮಾದಲ್ಲಿ ಈ ಧ್ವನಿ ಇರ್ಲಿಲ್ವಲ್ಲ.

...ಕಣ್ಣಿಲ್ಲದವರಿಗೆ ಅಂತಾನೆ ಹಾಕಿರೋದಾ? ಡಿಸ್ಕ್ ಜೊತೆಗೇ ಬರುತ್ತಾ? ಕಾಣೋದನ್ನೆಲ್ಲ ಬಾಯಲ್ಲಿ ಹೇಳ್ತಾಳಾ?

ಎಲ್ಲಾನೂ?

ಮನ್‌ಹೋ, ಆರಿಸು. ಇವಳಿಗೇನು ಗೊತ್ತು, ಸಿಯೋಲ್‌ನಲ್ಲಿ ಕೂತು ಬಾಯಿಗೆ ಬಂದಿದ್ದು ಒದರ್ತಾಳೆ. ನಾನಿಲ್ವಾ ಹೇಳೋಕೆ? ಕೇಳು, ಏನಂದ್ಲು ಕೇಳು, 'ಮುದುಕಿ ಚಿಪ್ಪಿನಿಂದ ಮಾಂಸ ಬಿಡಿಸಿ ಮುದುಕನ ಬಟ್ಟಲಿಗೆ ಹಾಕುತ್ತಾಳೆ. ಮುದುಕ ತಿನ್ನುವುದಿಲ್ಲ' ಅಂತೆ. ತಿಂದಿದ್ದೆ ಕಣೋ! ಎರಡು ಬಟ್ಟಲು ತಿಂದಿದ್ದೆ. ಅದು ಬಿಸಿ ಇತ್ತು ಅಂತ ಒಂದು ಗಳಿಗೆ...

'ಅವಳನ್ನೇ ನೋಡುತ್ತಿದ್ದಾನೆ.'

ಎದುರಿಗೆ ಕೂತಿದ್ರೆ ಇನ್ನೆಲ್ಲಿ ನೋಡೋದು? ಗೋಡೆ ನೋಡ್ಲಾ?

'ಅವಳು ತಲೆ ಎತ್ತಿದಾಗ ಬಟ್ಟಲನ್ನು ನೋಡುತ್ತಾನೆ. ಅವಳು ತಲೆ ತಗ್ಗಿಸಿದಾಗ ಮತ್ತೆ ಅವಳನ್ನು ನೋಡುತ್ತಾನೆ. ಕಣ್ಣು ಒರೆಸಿಕೊಳ್ಳುತ್ತಾನೆ.'

ಮೆಣಸಿನಕಾಯಿ. ಹಸಿಮೆಣಸಿನಕಾಯಿ ಖಾರ, ಅದೇ ಕೈ ಕಣ್ಣಿಗೆ ಹೋಯ್ತು. ಆ ಅಂಗಡಿಯ ಖಾರ ಎಂಥದ್ದು ಅಂತ ನಿಂಗೆ ಗೊತ್ತಿಲ್ವಾ?

...ಏನಂದೆ?

ನಿನ್ನೇನೇ ಕೇಳಿದ್ಯಾ ಇದನ್ನ? ಮಗಳ ಜೊತೆ? ಕೇಳಿ, ಬೇಕಂತಲೇ ಇವತ್ತು ನನ್ನನ್ನ ಕರೆಸಿ, 'ಪಿಲ್‌ಗು, ನೀನೇ ನೋಡಿ ಹೇಳು' ಅಂತ... ಒಳ್ಳೆ ಕಳ್ಳ ನೀನು. ನಾನಿಲ್ಲಿ ಹಸು, ಬೋಳು ಅಂತ ಬಾಯಿ ಬಡ್ಕೊಳ್ತಿದ್ರೆ, ಕಿಸಕಿಸ ನಕ್ಕೊಂಡು ಕೂತಿದ್ದೆ ಅಲ್ವಾ.

ಹಾಗಾದ್ರೆ ಡಬ್ಬಿ ಮೇಲೆ ಯಾರಿದ್ದಾರೆ ಅನ್ನೋದೂ ಯುನ್‌ಹೀ ಹೇಳಿರ್ತಾಳೆ. ಹೌದು, ಕೊಡೆ ಇಲ್ಲ. ನಾವಿಬ್ರೇ ಇರೋದು, ಆ ಮೇಜು, ಆ ಬಟ್ಟಲು. ನಾನೇನು ಹಾಕಿ ಅಂದ್ನಾ? ಆ ಸಿಯೋಲ್ ಹುಡುಗೀರಿಂದ ಊರಿಗೆಲ್ಲ ಗೊತ್ತಾಗಿತ್ತು. ಮೀನು ಮಾರೋಳಿಂದ ಹಿಡಿದು ಪೋಸ್ಟ್‌ನವನ ತನಕ ನನ್ನ ಕೆಣಕ್ತಿದ್ರು. ನಿಂಗೊಬ್ಬನಿಗೆ ಗೊತ್ತಾಗ್ಬಾರ್ದು ಅಂತ ಎಲ್ಲರ ಕಾಲು ಹಿಡಿದಿದ್ದೆ. ಈ ಊರಲ್ಲಿ ಸಂಜೆ ಹೋಗಿ ಕೂರೋಕೆ ನಂಗಿರೋದು ಒಂದೇ ಮನೆ ಕಣೋ. ಇದೂ ತಪ್ಪಿದ್ರೆ ಎಲ್ಲಿಗೆ ಹೋಗ್ಲಿ?

ಕೇಳು, ಕೇಳು ಇಲ್ಲಿ. ನಿಜ ಹೇಳ್ತೀನಿ. ಡೈರೆಕ್ಟರ್ ಹುಡುಗಿ ಬಂದು ಕಿವೀಲಿ ಹೇಳಿದ್ಳು, 'ಅಜ್ಜ, ನಟನೆ ಬೇಡ, ಹೆಂಡ್ತೀನ ನೋಡೋ ಹಾಗೆ ನೋಡಿ' ಅಂತ. ನನಗೆಲ್ಲಿದ್ದಾಳೆ ಹೆಂಡ್ತಿ? ನಂಗೇನು ಗೊತ್ತು ಹೆಂಡ್ತೀನ ಹೇಗೆ ನೋಡ್ತಾರೆ ಅಂತ? ಅದಕ್ಕೆ ನಿನ್ನ ನೆನೆಸ್ಕೊಂಡೆ. ನೀನು ಅವಳನ್ನ ನೋಡ್ತಿದ್ದಿದ್ದನ್ನ ನಲವತ್ತು ವರ್ಷ ನೋಡಿದ್ನಲ್ಲ, ಅದನ್ನೇ ನಕಲು ಹೊಡೆದೆ. ಅಷ್ಟೇ ಕಣೋ. ಪರದೇಶದವರು ಎದ್ದು ನಿಂತಿದ್ದು ನಿನ್ನ ನೋಟಕ್ಕೆ. ನಂದಲ್ಲ. ಸಂತೋಷ ಪಡು. ಡಬ್ಬಿ ಮೇಲಿರೋದು ನನ್ನ ಮೂತಿ, ನಿನ್ನ ಕಣ್ಣು...

ಯಾಕೋ ತಲೆ ಅಲ್ಲಾಡಿಸ್ತೀಯ?

ಮನ್‌ಹೋ?

ಅದು ನಿನ್ನ ನೋಟ ಅಲ್ಲ ಅಂತೀಯಾ? ಬೈ, ಬೈದುಬಿಡು. ಹೊಡಿ ಬೇಕಾದ್ರೆ, ಇಲ್ಲೇ ಇದ್ದೀನಿ, ಸ್ವಲ್ಪ ಎಡಕ್ಕೆ.

...ಸರಿ.

ನೀನು ಹಾಗೆ ನೋಡ್ತಿರ್ಲಿಲ್ಲ. ಊಟಕ್ಕೆ ಕೂತ್ರೆ ನಿನ್ನ ಕಿವಿ ರೇಡಿಯೋದ ಹವಾಮಾನಕ್ಕೆ, ಕಣ್ಣು ಕಿಟಕಿ ಆಚೆ ಅಲೆಗಳಿಗೆ. ಆರಿಹೋಗುತ್ತೆ ತಿನ್ನಿ ಅಂತ ಅವಳು ಮೂರು ಸಲ ಹೇಳ್ಬೇಕಿತ್ತು. ಕೆಟ್ಟವನಲ್ಲ ನೀನು. ನೋಡ್ತಿರ್ಲಿಲ್ಲ, ಅಷ್ಟೇ. ನಕಲು ಹೊಡೆಯೋಕೆ ನಿನ್ನ ಹತ್ರ ಏನೂ ಇರ್ಲಿಲ್ಲ ಮಾರಾಯ.

ಆ ನೋಟ ನಂದೇ.

ಮಲ್‌ಸುನ್, ಇವತ್ತು ಅತ್ತಿಗೆ ಅನ್ನಲ್ಲ, ನನ್ನ ಅಂಗಡಿ ಎದುರಿನ ಒಣಮೀನಿನ ಅಂಗಡೀಲಿ ಕೆಲಸಕ್ಕೆ ಇದ್ದಾಗಿಂದ ಅದು ನಂದು. ಎದುರಿಗೊಂದು ಒಳ್ಳೇ ಹುಡುಗಿ ಇದ್ದಾಳೆ ನೋಡು ಬಾ ಅಂತ ನಿನ್ನನ್ನ ಕರೆದವನೂ ನಾನೇ. ನಾಳೆ ಕೇಳೋಣ, ನಾಡಿದ್ದು ಕೇಳೋಣ ಅಂತ ನಾನು ಕತ್ತರಿ ಮಸೀತಾ ಕೂತಿದ್ದೆ, ನೀನು ಹೋಗಿ ಕೇಳಿಬಿಟ್ಟೆ. ಅವಳಿಗೆ ಒಂದು ಮಾತು ಹೇಳಿದ್ದಿಲ್ಲ, ಒಂದು ದಿನ ಬೆರಳು ತಾಗಿಸಿದ್ದಿಲ್ಲ. ಕ್ಯಾಮೆರಾ ಇದೆ, ನಟನೆ ಅಂತ ಹೇಳ್ಕೋಬಹುದು ಅಂತ ಅವತ್ತೊಂದು ದಿನ ಹೊಟ್ಟೆ ತುಂಬ ನೋಡಿದೆ. ಈಗ ಬಾಗಿಲು ತೋರಿಸು, ಎದ್ದು ಹೋಗ್ತೀನಿ.

...ಏನು ಮಾಡ್ತಿದ್ದೀಯ? ಹಿಂದಕ್ಕೆ ಯಾಕೆ ಓಡಿಸ್ತಿದ್ದೀಯ?

ಆ ಹೆಂಗಸಿನ ಧ್ವನಿ ಯಾಕೆ ಆರಿಸಿದೆ? ನಾನಾ?

ನಾನು ಹೇಳ್ಬೇಕಾ?

...ತಾಳು, ಕಣ್ಣು ಒರೆಸ್ಕೊಳ್ತೀನಿ. ಮೆಣಸಿನಕಾಯಿ ಅಲ್ಲ, ಆಯ್ತಾ. ಬಾಗಿಲು ತೆರೀತು. ಮಲ್‌ಸುನ್ ಗೋಡೆ ಪಕ್ಕ ಕೂತಿದ್ದಾಳೆ. ನೇರಳೆ ಸ್ವೆಟರು, ತೋಳು ಮೊಣಕೈ ತನಕ ಮಡಚಿದ್ದಾಳೆ. ಕೂದಲು ಹೊಸದಾಗಿ ಗುಂಗುರು ಮಾಡಿಸಿದ್ದು. ಶೂಟಿಂಗ್ ಅಂತ ಹಿಂದಿನ ದಿನ ಮಾಡಿಸ್ಕೊಂಡು ಬಂದು ನಿನ್ನ ಮುಂದೆ ಎರಡು ಸಲ ಓಡಾಡಿದ್ಳಂತೆ, ನಿಂಗೆ ಗೊತ್ತೇ ಆಗ್ಲಿಲ್ವಂತೆ. ಆಗಿನ್ನೂ ನಿನ್ನ ಕಣ್ಣು ಚೆನ್ನಾಗಿತ್ತು. ಚಿಪ್ಪು ಬಿಡಿಸ್ತಿದ್ದಾಳೆ. ಹೆಬ್ಬೆರಳಿನ ಉಗುರು ಸ್ವಲ್ಪ ಸೀಳಿದೆ. ದೊಡ್ಡ ದೊಡ್ಡ ತುಂಡೆಲ್ಲ ಆರಿಸಿ ನನ್ನ ಬಟ್ಟಲಿಗೆ ಹಾಕ್ತಿದ್ದಾಳೆ. ಈಗ ಮಾತಾಡ್ತಾಳೆ.

ಕೇಳಿದ್ಯಾ.

ಈಗ ತಲೆ ಎತ್ತುತ್ತಾಳೆ. ಇಲ್ಲೇ ನಾನು ಕಳ್ಳನ ಹಾಗೆ ಬಟ್ಟಲು ನೋಡ್ತೀನಿ, ಅದಕ್ಕೇ ಅವತ್ತು ಅವಳ ಮುಖ ಹೇಗಿತ್ತು ಅಂತ ನಂಗೂ ಗೊತ್ತಿಲ್ಲ. ಆಗಿಂದ ಎರಡು ಸಲ ಇದು ಬಂದಾಗ್ಲೂ ನಿನ್ನ ಮುಖಾನೇ ನೋಡ್ತಾ ಕೂತಿದ್ದೆ, ಟಿವಿ ನೋಡ್ಲಿಲ್ಲ. ಈಗ ನೋಡ್ತಿದ್ದೀನಿ...

ಇಲ್ಲ, ನಿಲ್ಲಿಸಿದ್ದಲ್ಲ. ಹೇಳ್ತಿದ್ದೀನಿ ಇರು.

ಮನ್‌ಹೋ, ಇದನ್ನೂ ಹೇಳ್ಲಾ?

...ನನ್ನನ್ನೇ ನೋಡ್ತಿದ್ದಾಳೆ. ನಗ್ತಿದ್ದಾಳೆ ಕಣೋ. ಅವಳಿಗೆ ಗೊತ್ತಿತ್ತು.